ಕಪ್ಪು ಪಟ್ಟಿ ಇರಲಿ ಬಿಡಿ

ಹಳೆಯ ಕನ್ನಡ ಸಿನಿಮಾಗಳ ಹಕ್ಕು ಕೊಂಡು ಅವನ್ನು ಟಿವಿಯಲ್ಲಿ, ಯೂಟ್ಯೂಬಿನಲ್ಲಿ, ಓಟಿಟಿಯಲ್ಲಿ ತೋರಿಸುತ್ತಿರುವ ಎಲ್ಲರಿಗೂ,



ಜಗಳ ತೆಗೆಯುವ ಮೊದಲು ಕೃತಜ್ಞತೆ ಹೇಳುವುದಿದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರಲ್ಲಿ ಬಂತು. ಇವತ್ತು ಅದರ ಒಂದು ಪ್ರಿಂಟೂ ಉಳಿದಿಲ್ಲ. ಕಣ್ಣಾರೆ ನೋಡದೆಯೇ ಅದರ ಬಗ್ಗೆ ಹೆಮ್ಮೆಪಡುವ ಸ್ಥಿತಿ ನಮ್ಮದು. ಆ ಗತಿ ಆಮೇಲಿನ ಎಷ್ಟೋ ಚಿತ್ರಗಳಿಗೆ ಬರಲಿಲ್ಲವೆಂದರೆ ಅದರಲ್ಲಿ ನಿಮ್ಮ ಪಾಲೂ ಇದೆ. ಡಬ್ಬಗಳಲ್ಲಿ ಹುಳಿವಾಸನೆ ಹೊಡೆಯುತ್ತ ಬಿದ್ದಿದ್ದ ರೀಲುಗಳನ್ನು ಎತ್ತಿ, ಒರೆಸಿ, ಸ್ಕ್ಯಾನ್ ಮಾಡಿಸಿ, ನಮ್ಮಂಥವರು ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಒರಗಿಕೊಂಡು 'ಗೆಜ್ಜೆ ಪೂಜೆ' ನೋಡುವಂತೆ ಮಾಡಿದವರು ನೀವು. ಅದೂ ಬಹಳ ಸಲ ಪುಕ್ಕಟೆ.

ತಕರಾರು ಏನೆಂದರೆ, ನಿಮ್ಮಲ್ಲಿ ಹಲವರು ತೋರಿಸುವ ಸಿನಿಮಾ ಪೂರ್ತಿ ಇರುವುದಿಲ್ಲ. ಕಥೆ ಪೂರ್ತಿ ಇದೆ, ಹಾಡುಗಳೂ ಇವೆ. ಚಿತ್ರ ಮಾತ್ರ ಮುಕ್ಕಾಲು.

ಇದು ಬಾಯಿಮಾತಿನ ಲೆಕ್ಕವಲ್ಲ. ಹಳೆಯ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 4:3. ಅಂದರೆ ಎತ್ತರ ಮೂರಡಿಯಾದರೆ ಅಗಲ ನಾಲ್ಕಡಿ. ಈಗ ನಮ್ಮ ಗೋಡೆಯ ಮೇಲಿರುವ ಟಿವಿ 16:9. ಅಗಲಕ್ಕೆ ಸರಿಯಾಗಿ ಚಿತ್ರವನ್ನು ಹಿಗ್ಗಿಸಿದರೆ ಎತ್ತರದಲ್ಲಿ ನಾಲ್ಕನೇ ಒಂದು ಪಾಲು ಟಿವಿಯ ಆಚೆಗೆ ಹೋಗುತ್ತದೆ. ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ ಕತ್ತರಿಸಿ ಎಸೆಯದೆ ಬೇರೆ ದಾರಿಯಿಲ್ಲ. ಮೇಲಿನ ತುಂಡಿನಲ್ಲಿ ನಾಯಕನ ಹಣೆ ಹೋಗುತ್ತದೆ, ಕೆಳಗಿನ ತುಂಡಿನಲ್ಲಿ ನರ್ತಕಿಯ ಪಾದ ಹೋಗುತ್ತದೆ. ಗೆಜ್ಜೆಯ ಹೆಸರು ಹೊತ್ತ ಸಿನಿಮಾದಲ್ಲಿ ಗೆಜ್ಜೆ ಕಟ್ಟಿದ ಕಾಲೇ ಕಾಣದಿದ್ದರೆ ಅದರ ನಿರ್ದೇಶಕ ಪುಟ್ಟಣ್ಣ ಕಣಗಾಲರು ಏನೆನ್ನುತ್ತಿದ್ದರೋ! ಅವರ ಸಿಟ್ಟಿನ ಕಥೆಗಳನ್ನು ಕೇಳಿದವರು ಊಹಿಸಿಕೊಳ್ಳಲಿ.

ಇನ್ನು ಕೆಲವರು ಕತ್ತರಿಸುವುದಿಲ್ಲ, ಎಳೆಯುತ್ತಾರೆ. ಎತ್ತರ ಹಾಗೇ ಇಟ್ಟು ಅಗಲವನ್ನು ಮೂರನೇ ಒಂದು ಪಾಲು ಹಿಗ್ಗಿಸುತ್ತಾರೆ. ಆಗ ಯಾರ ತಲೆಯೂ ಹಾರುವುದಿಲ್ಲ, ನಿಜ. ಆದರೆ ಎಲ್ಲರೂ ಕುಳ್ಳಗೆ, ದಪ್ಪಗೆ ಆಗುತ್ತಾರೆ. ಸೈಕಲ್ಲಿನ ಚಕ್ರ ಮೊಟ್ಟೆಯ ಆಕಾರಕ್ಕೆ ಬರುತ್ತದೆ. ನಮ್ಮ ಮನೆಯ ಹುಡುಗರಿಗೆ ರಾಜ್‌ಕುಮಾರ್ ಎಂದರೆ ಅಗಲ ಮುಖದ ಗುಂಡಗಿನ ಮನುಷ್ಯ ಎಂಬ ಕಲ್ಪನೆ ಬಂದಿದ್ದರೆ ಅದಕ್ಕೆ ಹೊಣೆ ರಾಜ್‌ಕುಮಾರ್ ಅಲ್ಲ. ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ಕೇಳಿದರೆ ನನಗೆ ಕತ್ತರಿಸುವುದೇ ಕೆಟ್ಟದ್ದು. ಎಳೆದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ, ರಿಮೋಟ್ ಒತ್ತಿ ಸರಿಮಾಡಿಕೊಳ್ಳಲೂಬಹುದು. ಕತ್ತರಿಸಿದ್ದನ್ನು ಮನೆಯಲ್ಲಿ ಕೂತವರು ಎಲ್ಲಿಂದ ತರಬೇಕು?

ಅಷ್ಟೇ ಅಲ್ಲ, ಕತ್ತರಿಸಿದ್ದು ಕಣ್ಣಿಗೇ ಬೀಳುವುದಿಲ್ಲ. 'ಸತ್ಯ ಹರಿಶ್ಚಂದ್ರ'ಕ್ಕೆ 2008ರಲ್ಲಿ, 'ಕಸ್ತೂರಿ ನಿವಾಸ'ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದಾಗ ಬಣ್ಣ ಬೇಕಿತ್ತು, ಬೇಡವಿತ್ತು ಎಂದು ಯಾರು ಬೇಕಾದರೂ ವಾದ ಹೂಡಬಹುದಿತ್ತು, ಏಕೆಂದರೆ ಬಣ್ಣ ಎದುರಿಗೇ ಇತ್ತು. ಚೌಕಟ್ಟಿನಿಂದ ಹೊರಗೆ ಹೋದದ್ದು ಎದುರಿಗೆ ಇರುವುದಿಲ್ಲವಲ್ಲ. ಮೊದಲ ಸಲ ನೋಡುವವನು ಇದೇ ಸಿನಿಮಾ ಎಂದುಕೊಳ್ಳುತ್ತಾನೆ. ಛಾಯಾಗ್ರಾಹಕನಿಗೆ ತಲೆ ಎಲ್ಲಿ ಬರಬೇಕೆಂದು ತಿಳಿಯುತ್ತಿರಲಿಲ್ಲ ಎಂದೂ ಅಂದುಕೊಳ್ಳುತ್ತಾನೆ. ಕತ್ತರಿ ಹಿಡಿದವರು ಒಬ್ಬರು, ಹೆಸರು ಕೆಡುವುದು ಇನ್ನೊಬ್ಬರದು.

'ನಾಗರಹಾವು' ತೆಗೆದುಕೊಳ್ಳಿ. 1972ರದು, ಕ್ಯಾಮೆರಾ ಚಿಟ್ಟಿಬಾಬು ಅವರದು. ಚಿತ್ರದುರ್ಗದ ಕೋಟೆ ಆ ಸಿನಿಮಾದಲ್ಲಿ ಬರೀ ಹಿನ್ನೆಲೆಯಲ್ಲ, ಅದೂ ಒಂದು ಪಾತ್ರವೇ. ಆ ಕೋಟೆಗೆ ಹೋಗಿ ಬಂದವರಿಗೆಲ್ಲ ಗೊತ್ತು, ಅಲ್ಲಿ ಕತ್ತೆತ್ತಿ ನೋಡಬೇಕಾದ್ದೇ ಹೆಚ್ಚು. ಬಂಡೆಯ ಮೇಲೆ ಬಂಡೆ, ಅದರ ಮೇಲೆ ಬುರುಜು, ಅದರ ಮೇಲೆ ಆಕಾಶ. ಎತ್ತರ ಇರುವ ಚೌಕಟ್ಟಿಗೆ ಹೇಳಿ ಮಾಡಿಸಿದ ಜಾಗ. ಅದಕ್ಕೆ ಮೇಲೆ ಕೆಳಗೆ ಕತ್ತರಿ ಹಾಕಿದರೆ ಉಳಿಯುವುದು ಕೋಟೆಯ ಸೊಂಟ. ಸೊಂಟ ನೋಡಿದರೆ ದುರ್ಗ ನೋಡಿದಂತಾಗುವುದಿಲ್ಲ.

ಈ 4:3 ಎಂಬುದು ಬಡತನದ ಅಳತೆ, ಅಗಲ ತೆರೆ ಬರುವವರೆಗೆ ವಿಧಿಯಿಲ್ಲದೆ ಬಳಸಿದ್ದು ಎಂಬ ಭಾವನೆ ನಿಮ್ಮಲ್ಲಿ ಕೆಲವರಿಗೆ ಇರಬಹುದು. ಅದು ಹಾಗಲ್ಲ. ಎಡಿಸನ್‌ನ ಪ್ರಯೋಗಾಲಯದಲ್ಲಿ ಡಿಕ್ಸನ್ ಎಂಬಾತ 35 ಮಿಲಿಮೀಟರ್ ಫಿಲಂ ಮೇಲೆ, ಒಂದು ಚಿತ್ರಕ್ಕೆ ನಾಲ್ಕು ತೂತು ಎಂಬ ಲೆಕ್ಕದಲ್ಲಿ ಈ ಆಕಾರವನ್ನು ಕೂರಿಸಿದ್ದು 1890ರ ದಶಕದ ಆರಂಭದಲ್ಲಿ. ಮಾತು ಬಂದ ಮೇಲೆ ಫಿಲಂನ ಒಂದು ಪಕ್ಕ ಸೌಂಡ್ ಟ್ರ್ಯಾಕಿಗೆ ಹೋಯಿತು, ಚಿತ್ರ ಇಕ್ಕಟ್ಟಾಯಿತು. 1932ರಲ್ಲಿ ಹಾಲಿವುಡ್ಡಿನ ಅಕಾಡೆಮಿ ಕೂತು 1.37:1 ಎಂದು ಗೊತ್ತುಮಾಡಿತು. ಅಲ್ಲಿಂದ ಇಪ್ಪತ್ತು ವರ್ಷ ಜಗತ್ತಿನ ದೊಡ್ಡ ನಿರ್ದೇಶಕರೆಲ್ಲ ಅದೇ ಚೌಕಟ್ಟಿನಲ್ಲಿ ಯೋಚನೆ ಮಾಡಿದರು. ಮನುಷ್ಯನ ಮುಖಕ್ಕೆ ಅದಕ್ಕಿಂತ ಒಳ್ಳೆಯ ಚೌಕಟ್ಟು ಇನ್ನೂ ಬಂದಿಲ್ಲ ಎಂಬುದು ನನ್ನ ಸ್ವಂತ ಅಭಿಪ್ರಾಯ. ಒಪ್ಪದಿದ್ದರೂ ಪರವಾಗಿಲ್ಲ.

ಅಗಲ ತೆರೆ ಹುಟ್ಟಿದ್ದೇ ಟಿವಿಯ ಮೇಲಿನ ಭಯದಿಂದ. ಅಮೆರಿಕದಲ್ಲಿ ಜನ ಮನೆಯಲ್ಲಿ ಕೂತು 4:3 ಪೆಟ್ಟಿಗೆ ನೋಡತೊಡಗಿದಾಗ, ಮನೆಯಲ್ಲಿ ಸಿಗದ್ದನ್ನು ಕೊಡಬೇಕೆಂದು ಸಿನಿಮಾದವರು ಹೊರಟರು. 1952ರಲ್ಲಿ ಮೂರು ಪ್ರೊಜೆಕ್ಟರ್‌ಗಳ ಸಿನಿರಾಮಾ ಬಂತು. 1953ರಲ್ಲಿ ಫಾಕ್ಸ್ ಕಂಪನಿ 'ದಿ ರೋಬ್' ಚಿತ್ರದೊಂದಿಗೆ ಸಿನಿಮಾಸ್ಕೋಪನ್ನು ತಂದಿತು. ಅದರ ಮೂಲ ಫ್ರಾನ್ಸಿನ ಆನ್ರಿ ಕ್ರೆತಿಯೆನ್ ಕಂಡುಹಿಡಿದ ಒಂದು ಲೆನ್ಸು. ಚಿತ್ರೀಕರಿಸುವಾಗ ಅದು ಅಗಲವಾದ ನೋಟವನ್ನು ಅರ್ಧಕ್ಕೆ ಹಿಂಡಿ ಮಾಮೂಲಿ ಫಿಲಂ ಮೇಲೆ ಕೂರಿಸುತ್ತದೆ. ಟಾಕೀಸಿನಲ್ಲಿ ಇನ್ನೊಂದು ಲೆನ್ಸು ಅದನ್ನು ಮತ್ತೆ ಎರಡರಷ್ಟು ಹರಡುತ್ತದೆ. ಎತ್ತರಕ್ಕಿಂತ ಅಗಲ ಎರಡೂ ಕಾಲು ಪಟ್ಟಿಗಿಂತ ಹೆಚ್ಚು. ಆಪರೇಟರ್ ಆ ಎರಡನೇ ಲೆನ್ಸು ಹಾಕಲು ಮರೆತರೆ ತೆರೆಯ ಮೇಲೆ ಎಲ್ಲರೂ ಅಡಿಕೆ ಮರದಂತೆ ಉದ್ದಕ್ಕೆ ನಿಲ್ಲುತ್ತಿದ್ದರು. ಕೆಳಗಿನಿಂದ ಸಿಳ್ಳೆ ಬೀಳುತ್ತಿತ್ತು. ಸಿಳ್ಳೆಯಿಂದಾದರೂ ತಪ್ಪು ತಿದ್ದುವ ಕಾಲ ಅದು.

ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ 'ಕಾಗಜ್ ಕೆ ಫೂಲ್'. ಹಿಂದಿ ಚಿತ್ರವೇನೋ ಹೌದು. ಆದರೆ ಅದನ್ನು ನಿರ್ದೇಶಿಸಿದ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರಲ್ಲಿ. ಕ್ಯಾಮೆರಾ ಹಿಡಿದ ವಿ.ಕೆ. ಮೂರ್ತಿ ಮೈಸೂರಿನವರು. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಆದರು, 2014ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಭಾರತದಲ್ಲಿ ಅಗಲ ತೆರೆಗೆ ಚಿತ್ರ ಬಿಡಿಸಿದ ಮೊದಲ ಕೈ ನಮ್ಮ ಕಡೆಯದು. ನಾವು ಹೇಳಿಕೊಳ್ಳಬೇಕಾದಷ್ಟು ಹೇಳಿಕೊಂಡಿಲ್ಲ.

ಆ ಚಿತ್ರದಲ್ಲಿ ಗೀತಾ ದತ್ ಹಾಡಿದ ಒಂದು ಹಾಡು ಬರುತ್ತದೆ. ಖಾಲಿ ಸ್ಟುಡಿಯೋ. ಒಂದು ಕಡೆ ನಿರ್ದೇಶಕನ ಪಾತ್ರದ ಗುರುದತ್, ಇನ್ನೊಂದು ಕಡೆ ವಹೀದಾ ರೆಹಮಾನ್. ಇಬ್ಬರೂ ಬಾಯಿ ಬಿಡುವುದಿಲ್ಲ. ಮೇಲಿನಿಂದ ಒಂದು ದಪ್ಪ ಬೆಳಕಿನ ಕೋಲು ನೆಲಕ್ಕೆ ಇಳಿದಿದೆ. ಬಿಸಿಲನ್ನು ಕನ್ನಡಿ ಹಿಡಿದು ಒಳಗೆ ತಂದು ಮೂರ್ತಿಯವರು ಮಾಡಿದ ಬೆಳಕು ಅದು. ಇಬ್ಬರೂ ನಿಂತಲ್ಲೇ ನಿಂತಿರುತ್ತಾರೆ. ಅವರೊಳಗಿನಿಂದ ಎದ್ದ ನೆರಳುರೂಪಗಳು ಮಾತ್ರ ಹತ್ತಿರ ಸರಿದು ಕೂಡುತ್ತವೆ. ಆ ದೃಶ್ಯದ ದುಃಖವೆಲ್ಲ ಇಬ್ಬರ ನಡುವಿನ ಜಾಗದಲ್ಲಿದೆ. ಸಾಮಾನ್ಯ ನಿರ್ದೇಶಕ ಆ ಅಗಲವನ್ನು ರಥ, ಸೈನ್ಯ, ಜಾತ್ರೆಯಿಂದ ತುಂಬಿಸುತ್ತಿದ್ದ. ಗುರುದತ್ ಮತ್ತು ಮೂರ್ತಿ ಅದನ್ನು ಖಾಲಿ ಬಿಟ್ಟರು.

ಈಗ ಆ ಚಿತ್ರವನ್ನು ಹಳೆಯ ಪೆಟ್ಟಿಗೆ ಟಿವಿಗೆ ಹೊಂದಿಸಬೇಕಾದವನ ಪಾಡು ನೋಡಿ. ಸ್ಕೋಪ್ ಚಿತ್ರವನ್ನು 4:3ಕ್ಕೆ ಇಳಿಸಿದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ, ನೂರಕ್ಕೆ ನಲವತ್ತಮೂರು ಪಾಲು ಹೋಗುತ್ತದೆ. ಒಬ್ಬರನ್ನು ಇಟ್ಟುಕೊಂಡರೆ ಇನ್ನೊಬ್ಬರು ಇಲ್ಲ. ಹಾಗಾಗಿ ಆಗ ಅವನ ಮುಖ ಸ್ವಲ್ಪ ಹೊತ್ತು, ಆಮೇಲೆ ಅವಳ ಮುಖ ಸ್ವಲ್ಪ ಹೊತ್ತು ಎಂದು ಚೌಕಟ್ಟನ್ನು ಪಕ್ಕಕ್ಕೆ ಸರಿಸುತ್ತ ಹೋಗುತ್ತಿದ್ದರು. ಇದಕ್ಕೆ ಪ್ಯಾನ್ ಅಂಡ್ ಸ್ಕ್ಯಾನ್ ಎಂಬ ಹೆಸರೂ ಇತ್ತು. ಛಾಯಾಗ್ರಾಹಕ ಅಲುಗಿಸದ ಕ್ಯಾಮೆರಾವನ್ನು ಟೇಪ್ ಮಾಡುವವನು ಅಲುಗಿಸುತ್ತಿದ್ದ. ವಿಡಿಯೋ ಕ್ಯಾಸೆಟ್ ಕಾಲದಲ್ಲಿ ಬೆಳೆದವರಿಗೆ ಇನ್ನೊಂದು ತಮಾಷೆಯೂ ನೆನಪಿರಬೇಕು. ಟೈಟಲ್ ಓಡುವಾಗ ಹೆಸರುಗಳು ಕತ್ತರಿಸಿಹೋಗಬಾರದೆಂದು ಚಿತ್ರವನ್ನು ಹಿಂಡಿ ತೋರಿಸುತ್ತಿದ್ದರು, ಎಲ್ಲರೂ ಕಡ್ಡಿಯಾಗಿರುತ್ತಿದ್ದರು. ನಿರ್ದೇಶಕನ ಹೆಸರು ಬಂದು ಹೋದ ತಕ್ಷಣ ಎಲ್ಲರೂ ಮೈತುಂಬಿಕೊಂಡು ಪಕ್ಕದವರನ್ನು ಕಳೆದುಕೊಳ್ಳುತ್ತಿದ್ದರು. ಹೆಸರಿಗೆ ಕೊಟ್ಟ ಮರ್ಯಾದೆ ಮುಖಕ್ಕೆ ಇರಲಿಲ್ಲ.

ಆಗ ಅಗಲದ ಸಿನಿಮಾದ ಪಕ್ಕೆ ಕತ್ತರಿಸಿದರು, ಈಗ ಚೌಕದ ಸಿನಿಮಾದ ತಲೆ ಕಾಲು ಕತ್ತರಿಸುತ್ತಿದ್ದಾರೆ. ಟಿವಿಯ ಆಕಾರ ಬದಲಾಯಿತು, ಚಾಳಿ ಬದಲಾಗಲಿಲ್ಲ. 16:9 ಹಳೆಯ ಯಾವ ಸಿನಿಮಾದ ಮೂಲ ಅಳತೆಯೂ ಅಲ್ಲ ಎಂಬುದನ್ನು ನೆನಪಿಸುತ್ತೇನೆ. 1980ರ ದಶಕದಲ್ಲಿ ಹೈ ಡೆಫಿನಿಷನ್ ಟಿವಿಗೆ ಆಕಾರ ಹುಡುಕುವಾಗ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್ ಆಗ ಚಾಲ್ತಿಯಲ್ಲಿದ್ದ ಅಳತೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ನೋಡಿದರು. ಟಿವಿಯ 1.33ರಿಂದ ಸ್ಕೋಪಿನ 2.35ರವರೆಗೆ ಎಲ್ಲಕ್ಕೂ ಹೆಚ್ಚು ಅನ್ಯಾಯವಾಗದಂಥ ನಡುವಿನ ಆಕಾರ ಇದೆಂದು ಹೇಳಿದರು. ಎಲ್ಲ ಬಗೆಯ ಚಿತ್ರಗಳೂ ಒಳಗೆ ಸುಖವಾಗಿ ಕೂರಲಿ, ಉಳಿದ ಜಾಗ ಕಪ್ಪಾಗಿರಲಿ ಎಂಬುದೇ ಆ ಲೆಕ್ಕಾಚಾರ. ಕಪ್ಪು ಪಟ್ಟಿ ಟಿವಿಯ ದೋಷವಲ್ಲ. ಆ ಜಾಗ ಬಿಟ್ಟುಕೊಂಡೇ ಟಿವಿ ಮಾಡಿದ್ದಾರೆ.

ಇಲ್ಲಿ ನಿಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ನೀವೇ ಹೇಳುತ್ತೀರಿ. ಕತ್ತರಿಸಿದ್ದೆಲ್ಲ ಪಾಪವಾದರೆ 'ಶೋಲೆ'ಯ ಗತಿ ಏನು? ಗಬ್ಬರನ ಬಂಡೆಗಳು ನಮ್ಮ ರಾಮನಗರದವು. 1975ರಲ್ಲಿ ಅದು 70 ಎಂಎಂ ಚಿತ್ರವೆಂದು ಬಿಡುಗಡೆಯಾಯಿತು. ನಿಜಕ್ಕೂ 70 ಎಂಎಂ ಕ್ಯಾಮೆರಾ ದುಬಾರಿಯೆಂದು ಛಾಯಾಗ್ರಾಹಕ ದ್ವಾರಕಾ ದಿವೇಚ ಅದನ್ನು ಮಾಮೂಲಿ 35 ಎಂಎಂ ಫಿಲಂನಲ್ಲೇ ತೆಗೆದರು. ಆಮೇಲೆ ಆ ಚೌಕಟ್ಟಿನ ಮೇಲೆ ಕೆಳಗೆ ಬಿಟ್ಟು, 2.2:1 ಆಕಾರಕ್ಕೆ ತಂದು, ಹಿಗ್ಗಿಸಿ 70 ಎಂಎಂ ಪ್ರಿಂಟ್ ಮಾಡಿದರು. ನೆಗೆಟಿವ್‌ನಲ್ಲಿ ಇದ್ದದ್ದರಲ್ಲಿ ಐದರಲ್ಲಿ ಎರಡು ಪಾಲು ಹೊರಗೇ ಉಳಿಯಿತು.

ಹಾಗಾದರೆ ಅಲ್ಲಿ ಕತ್ತರಿಸಿದ್ದು ಸರಿ, ಇಲ್ಲಿ ತಪ್ಪೇ? ಹೌದು. ರಾಮನಗರದಲ್ಲಿ ಕ್ಯಾಮೆರಾದ ಹಿಂದೆ ನಿಂತವರಿಗೆ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಮೊದಲೇ ಗೊತ್ತಿತ್ತು. ಬಂಡೆ, ಕುದುರೆ, ಠಾಕೂರ್, ಎಲ್ಲವನ್ನೂ ಆ ಅಗಲಕ್ಕೆ ತಕ್ಕಂತೆ ನಿಲ್ಲಿಸಿದರು. ಚಿತ್ರದುರ್ಗದಲ್ಲಿ ಚಿಟ್ಟಿಬಾಬು ನಿಂತಾಗ ಮುಂದೊಂದು ದಿನ 16:9 ಬರುತ್ತದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಆದ್ದರಿಂದ 'ನೆಗೆಟಿವ್‌ನಲ್ಲಿ ಇರುವುದನ್ನೆಲ್ಲ ತೋರಿಸಿ' ಎಂಬುದು ನನ್ನ ಬೇಡಿಕೆಯಲ್ಲ. ಮಾಡಿದವರು ಯಾವ ಚೌಕಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರೋ ಅದನ್ನು ತೋರಿಸಿ. ಫಿಲಂ ಹೆರಿಟೇಜ್ ಫೌಂಡೇಶನ್ 'ಶೋಲೆ'ಯನ್ನು 4ಕೆಯಲ್ಲಿ ಪುನರುಜ್ಜೀವನಗೊಳಿಸಿ 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೋರಿಸಿದಾಗ ಆ 2.2:1 ಅಳತೆಯನ್ನೇ ಇಟ್ಟುಕೊಂಡಿತು. ಮೂಲ ನೆಗೆಟಿವ್ ಕೆಟ್ಟುಹೋಗಿತ್ತು, 70 ಎಂಎಂ ಪ್ರಿಂಟೂ ಉಳಿದಿರಲಿಲ್ಲ. ಅಂಥ ಸ್ಥಿತಿಯಲ್ಲೂ ಅಳತೆಯ ವಿಚಾರದಲ್ಲಿ ರಾಜಿಯಾಗಲಿಲ್ಲ.

ಅದೇ ಸಂಸ್ಥೆ ಮಾರ್ಟಿನ್ ಸ್ಕಾರ್ಸೆಸಿಯ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಜೊತೆ ಸೇರಿ ನಮ್ಮ 'ಘಟಶ್ರಾದ್ಧ'ವನ್ನೂ ಉಳಿಸಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಮತ್ತೆ ತೆರೆಗೆ ಬಂತು. ಗಿರೀಶ್ ಕಾಸರವಳ್ಳಿ ಅದನ್ನು ಮಾಡಿದ್ದು 1977ರಲ್ಲಿ, ಕಪ್ಪುಬಿಳುಪಿನಲ್ಲಿ, ಎಸ್. ರಾಮಚಂದ್ರ ಅವರ ಕ್ಯಾಮೆರಾದಲ್ಲಿ. ಅದೇ 1977ರಲ್ಲಿ ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಸೊಸೆ ತಂದ ಸೌಭಾಗ್ಯ' ಬಂತು. ಒಂದೇ ವರ್ಷ, ಒಂದೇ ಭಾಷೆ. ಒಂದು ತೆರೆಯನ್ನು ಎರಡೂ ಕಡೆ ಚಾಚಿತು, ಇನ್ನೊಂದು ಅಗ್ರಹಾರದ ಒಳಗೆ ಸಿಕ್ಕಿಬಿದ್ದ ವಿಧವೆಯನ್ನೂ ಅವಳನ್ನು ನೋಡುತ್ತ ನಿಂತ ಹುಡುಗನನ್ನೂ ಇಕ್ಕಟ್ಟಿನಲ್ಲೇ ಇಟ್ಟಿತು. ಎರಡಕ್ಕೂ ಒಂದೇ 16:9 ಅಂಗಿ ತೊಡಿಸಿದರೆ ಒಂದಕ್ಕೆ ತೋಳು ಹೋಗುತ್ತದೆ, ಇನ್ನೊಂದಕ್ಕೆ ಕುತ್ತಿಗೆ.

ಆ 1977 ನಿಮಗೆ ಕೆಲಸಕ್ಕೆ ಬರುವ ವರ್ಷವೂ ಹೌದು. ಅದಕ್ಕೂ ಹಿಂದಿನ ಕನ್ನಡ ಚಿತ್ರ ಈಗಿನ ಟಿವಿಯ ಮೂಲೆಮೂಲೆಗೂ ತುಂಬಿಕೊಂಡು ಕಂಡರೆ, ಯಾರೋ ಅದರ ಮೇಲೆ ಕೈ ಆಡಿಸಿದ್ದಾರೆ ಎಂದೇ ತಿಳಿಯಬೇಕು. ಆಮೇಲಿನದಾದರೆ ವಿಚಾರಿಸಿ ನೋಡಬೇಕಾಗುತ್ತದೆ, ಏಕೆಂದರೆ ವರ್ಷಗಟ್ಟಲೆ ಎರಡೂ ಬಗೆ ಜೊತೆಜೊತೆಗೆ ನಡೆದವು. ಟಿವಿಗೆಂದೇ ಮಾಡಿದವನ್ನೂ ಮರೆಯಬೇಡಿ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಆ ಕಾಲದ ಪೆಟ್ಟಿಗೆ ಟಿವಿಯ ಅಳತೆಯದು.

ನಿಮ್ಮ ಉತ್ತರ ನನಗೆ ಗೊತ್ತು. 'ಜನ ಕಪ್ಪು ಪಟ್ಟಿ ಇಷ್ಟಪಡುವುದಿಲ್ಲ ಸಾರ್, ಟಿವಿ ಕೊಂಡ ದುಡ್ಡಿಗೆ ಪೂರ್ತಿ ತೆರೆ ಬೇಕು ಅಂತಾರೆ.' ಅಂತಾರೆ, ನಿಜ. ನಮ್ಮ ಮನೆಯಲ್ಲೂ ಅನ್ನುತ್ತಾರೆ. ಐವತ್ತೈದು ಇಂಚಿನ ಟಿವಿಯಲ್ಲಿ 4:3 ಚಿತ್ರ ಹಾಕಿದರೆ ಎಡಬಲ ಹದಿನೈದು ಹದಿನೈದು ಸೆಂಟಿಮೀಟರ್ ಕಪ್ಪು ಉಳಿಯುತ್ತದೆ, ಸ್ಕೋಪ್ ಹಾಕಿದರೆ ಮೇಲೆ ಕೆಳಗೆ ಎಂಟೆಂಟು. ಮೊದಲ ಐದು ನಿಮಿಷ ಅದು ಕಣ್ಣಿಗೆ ಚುಚ್ಚುತ್ತದೆ. ಕೋಣೆಯ ದೀಪ ಆರಿಸಿದರೆ ಆರನೇ ನಿಮಿಷಕ್ಕೆ ಮರೆತುಹೋಗುತ್ತದೆ. ಆದರೆ ಹಣೆ ಇಲ್ಲದ ಮುಖ ಎರಡೂವರೆ ಗಂಟೆಯೂ ಹಣೆ ಇಲ್ಲದೇ ಇರುತ್ತದೆ. ಅದೂ ಅಲ್ಲದೆ ಪೂರ್ತಿ ತೆರೆ ಬೇಕೆನ್ನುವವರಿಗೆ ಅವರ ರಿಮೋಟಿನಲ್ಲೇ ಜೂಮ್ ಬಟನ್ ಇದೆ. ಒತ್ತಿಕೊಳ್ಳಲಿ. ನಮ್ಮಂಥವರಿಗಾಗಿ ಕತ್ತರಿಸಿದ್ದನ್ನು ಅಂಟಿಸುವ ಬಟನ್ ಯಾವ ರಿಮೋಟಿನಲ್ಲೂ ಇಲ್ಲ.

ಇದು ಬರೀ ನಮ್ಮ ಊರಿನ ರೋಗವೂ ಅಲ್ಲ. ಅಮೆರಿಕದ ಹಾಸ್ಯ ಧಾರಾವಾಹಿ 'ಸೈನ್‌ಫೆಲ್ಡ್' 2021ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದಾಗ 4:3ರಿಂದ 16:9ಕ್ಕೆ ಕತ್ತರಿಸಿಕೊಂಡೇ ಬಂತು. ಅದರಲ್ಲಿ ರಸ್ತೆಗುಂಡಿಯ ಹೆಸರನ್ನೇ ಹೊತ್ತ ಒಂದು ಕಂತಿದೆ. ಪಾತ್ರಗಳು ನಿಂತು ಗುಂಡಿಯನ್ನು ಬಗ್ಗಿ ನೋಡುತ್ತಾರೆ, ಗುಂಡಿ ಮಾತ್ರ ಚೌಕಟ್ಟಿನಲ್ಲಿಲ್ಲ. ಬೆಂಗಳೂರಿನವರಾದ ನಮಗೆ ಕಾಣದ ರಸ್ತೆಗುಂಡಿ ಎಷ್ಟು ಅಪಾಯಕಾರಿ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಕದ್ದು ಹಾಕುವವರು ಚಿತ್ರವನ್ನು ಹಿಗ್ಗಿಸಿ, ಕತ್ತರಿಸಿ, ಕೆಲವೊಮ್ಮೆ ಎಡಬಲ ತಿರುಗಿಸಿ ಹಾಕುತ್ತಾರೆ. ಯೂಟ್ಯೂಬಿನ ಯಂತ್ರದ ಕಣ್ಣಿಗೆ ಸಿಕ್ಕಿಬೀಳಬಾರದೆಂದು. ಅವರ ಕಷ್ಟ ಅರ್ಥವಾಗುತ್ತದೆ. ಹಕ್ಕುಪತ್ರ ಕೈಯಲ್ಲಿರುವ ನೀವು ಯಾರಿಗೆ ಹೆದರಿ ಹಾಗೆ ಮಾಡುತ್ತೀರಿ?

ಕೇಳುವುದು ದೊಡ್ಡದೇನಲ್ಲ. ಸ್ಕ್ಯಾನ್ ಮಾಡಿಸುವಾಗ ಚೌಕಟ್ಟನ್ನು ಪೂರ್ತಿ ಸ್ಕ್ಯಾನ್ ಮಾಡಿಸಿ, ಆ ಫೈಲನ್ನು ಎಂದೂ ಅಳಿಸಬೇಡಿ. ಟಿವಿಗೆ ಏನಾದರೂ ಮಾಡಿಕೊಳ್ಳುವುದಿದ್ದರೆ ಅದರ ನಕಲಿನ ಮೇಲೆ ಮಾಡಿಕೊಳ್ಳಿ. ಇವತ್ತು ಕತ್ತರಿಸಿದ್ದೇ ಮೂಲಪ್ರತಿಯಾಗಿ ಉಳಿದು, ಪ್ರಿಂಟ್ ಕೊಳೆತುಹೋದರೆ, ಮುಂದಿನವರಿಗೆ ಆ ಮುಕ್ಕಾಲೇ ಸಿನಿಮಾ. ಪಕ್ಕದ ಖಾಲಿ ಜಾಗಕ್ಕೆ ಅದೇ ಚಿತ್ರವನ್ನು ಮಸುಕುಮಾಡಿ ತುಂಬುವ ಹೊಸ ಶೋಕಿಯೊಂದು ಬಂದಿದೆ, ದಯವಿಟ್ಟು ಬೇಡ. ಆರತಿ, ಕಲ್ಪನಾ ಅಳುತ್ತಿರುವಾಗ ಎರಡೂ ಪಕ್ಕದಲ್ಲಿ ಬಣ್ಣದ ಮೋಡ ಕುಣಿಯುತ್ತಿದ್ದರೆ ಅಳು ಯಾರಿಗೆ ಬರುತ್ತದೆ? ಕಪ್ಪು ಎಂದರೆ ಕಪ್ಪೇ ಇರಲಿ. ನಿಮ್ಮ ಲೋಗೋವನ್ನು ಬೇಕಾದರೆ ಆ ಕಪ್ಪಿನ ಮೇಲೆ ಹಾಕಿಕೊಳ್ಳಿ, ಈಗ ಅದು ನಟರ ಭುಜದ ಮೇಲೆ ಕೂತಿದೆ. ಸಿನಿಮಾದ ಕೆಳಗೆ ವರ್ಷ, ನಿರ್ದೇಶಕರು, ಸಂಗೀತ ಎಂದು ಬರೆಯುತ್ತೀರಲ್ಲ, ಅಲ್ಲಿಯೇ ಛಾಯಾಗ್ರಾಹಕರ ಹೆಸರನ್ನೂ ಚೌಕಟ್ಟಿನ ಅಳತೆಯನ್ನೂ ಬರೆಯಿರಿ. ಕತ್ತರಿಸಿದ್ದರೆ ಕತ್ತರಿಸಿದ್ದೇವೆ ಎಂದಾದರೂ ಬರೆಯಿರಿ.

ಎಲ್ಲವನ್ನೂ ಒಟ್ಟಿಗೆ ಮಾಡುವುದು ಕಷ್ಟವೆನಿಸಿದರೆ ಒಂದೇ ಚಿತ್ರದಿಂದ ಶುರುಮಾಡಿ. ಈಗಿರುವ ಪ್ರತಿ ಹಾಗೇ ಇರಲಿ, ಪಕ್ಕದಲ್ಲಿ ಪೂರ್ತಿ ಚೌಕಟ್ಟಿನ ಪ್ರತಿಯನ್ನೂ ಹಾಕಿ, ಜನ ಯಾವುದನ್ನು ನೋಡುತ್ತಾರೆಂದು ನೋಡಿ. ಯಾವ ಚಿತ್ರ ಎಂದು ಕೇಳಿದರೆ ನನ್ನ ಓಟು 'ನಾಗರಹಾವು'ಗೆ. ಕೋಟೆಯನ್ನು ತಳದಿಂದ ತುದಿಯವರೆಗೆ ನೋಡಬೇಕಾಗಿದೆ.

ಇಂತಿ,
ನಿಮ್ಮ ಖಾಯಂ ವೀಕ್ಷಕ